ಸರ್ ಚಾರ್ಲ್ಸ್ ವೀಟ್‌ಸ್ಟನ್

ಲೋಕದಲ್ಲಿ ದುಡಿಮೆ ಒಬ್ಬರದಾಗಿ ಹೆಸರು ಮತ್ತೊಬ್ಬರದಾಗುವುದು ಅಪೂರ್ವವೇನಲ್ಲ. ನಮ್ಮ ಭರಮಸಾಗರದ ಕೆರೆಯನ್ನೇ ನೋಡಬಹುದು. ದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರು ಕೆರೆಗೂ ಊರಿಗೂ ನಿಂತಿದೆಯೆಂದು ಹಿರಿಯರು ಹೇಳುತ್ತಾರೆ. ಏರಿಗೆ ಮಣ್ಣು ಹೊತ್ತವರ, ತೂಬಿಗೆ ಕಲ್ಲು ಕೂರಿಸಿದವರ ಹೆಸರನ್ನು ಇಂದು ಬಲ್ಲವರಿಲ್ಲ. ವಿಜ್ಞಾನದ ಚರಿತ್ರೆಯಲ್ಲಿಯೂ ಇಂತಹ ಉದಾಹರಣೆಗಳು ಹಲವು. ಭೌತಶಾಸ್ತ್ರದ ಪ್ರಯೋಗಶಾಲೆಗೆ ಕಾಲಿಟ್ಟ ಪ್ರತಿಯೊಬ್ಬ ವಿದ್ಯಾರ್ಥಿಯೂ ವೀಟ್‌ಸ್ಟನ್ ಸೇತುವೆ ಎಂಬ ಉಪಕರಣವನ್ನು ಬಲ್ಲನು. ಆದರೆ ಅದನ್ನು ಮೊದಲು ಕಂಡುಹಿಡಿದವನು ವೀಟ್‌ಸ್ಟನ್ ಅಲ್ಲ. ಅದೇ ವೀಟ್‌ಸ್ಟನ್ ತಾನೇ ಕಲ್ಪಿಸಿದ ಮತ್ತೊಂದು ವಸ್ತುವಿಗೆ ಅವನ ಹೆಸರಿಲ್ಲ. ಅವನ ಮಿತ್ರನ ಹೆಸರಿದೆ. ಈ ವಿಚಿತ್ರ ವಿನಿಮಯದ ನಡುವೆ ಬಾಳಿದ ಒಬ್ಬ ಸಂಕೋಚಸ್ವಭಾವದ ಮನುಷ್ಯನ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ಕಲಾವಿಭಾಗದ ನಮಗೆ ಈತನ ಗೊಡವೆ ಏಕೆಂದು ಕೆಲವರು ಕೇಳಬಹುದು. ನಮ್ಮ ಊರ ಪಕ್ಕದ ಹೆದ್ದಾರಿಯಲ್ಲಿ ಮೆಕ್ಕೆಜೋಳದ ಲಾರಿಗಳನ್ನು ತೂಗುವ ವೇ-ಬ್ರಿಡ್ಜ್, ದಿನಸಿ ಅಂಗಡಿಯಲ್ಲಿ ಅಂಕಿಗಳನ್ನು ಬೆಳಗಿಸಿ ಸಕ್ಕರೆ ತೂಗುವ ಪುಟ್ಟ ಯಂತ್ರ, ಓಡುತ್ತಿರುವ ರೈಲಿನ ಒಂದೊಂದು ಗಾಲಿಯೂ ಹಳಿಯನ್ನು ಎಷ್ಟು ಬಲವಾಗಿ ತುಳಿಯುತ್ತಿದೆಯೆಂದು ಅಳೆಯುವ ಸಾಧನ, ಇವೆಲ್ಲದರ ಒಳಗೆ ಅಡಗಿರುವುದು ಆ ಸೇತುವೆಯೇ. ಕಾಣದೆ ಕೆಲಸಮಾಡುವವರನ್ನು ಒಮ್ಮೆ ಸ್ಮರಿಸುವುದು ಕಲೆಗೂ ಹೊರತಾದುದಲ್ಲ.

ಚಾರ್ಲ್ಸ್ ವೀಟ್‌ಸ್ಟನ್ ಕ್ರಿ. ಶ. ೧೮೦೨ನೆಯ ಇಸವಿ ಫೆಬ್ರವರಿ ೬ರಂದು ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ಬಳಿಯ ಬಾರ್ನ್‌ವುಡ್ ಎಂಬಲ್ಲಿ ಜನಿಸಿದನು. ತಂದೆ ಸಂಗೀತದ ವಾದ್ಯಗಳ ವ್ಯಾಪಾರಿ. ಮಗು ಚಿಕ್ಕದಾಗಿದ್ದಾಗಲೇ ಸಂಸಾರ ಲಂಡನ್ನಿಗೆ ಬಂದಿತು. ಹುಡುಗ ಬುದ್ಧಿವಂತ, ಆದರೆ ಅತಿಯಾದ ನಾಚಿಕೆಯವನು. ನಾಲ್ಕು ಜನರ ಎದುರಿಗೆ ಬಾಯಿ ಬಿಡಲಾರ. ಹದಿನಾಲ್ಕರ ಹರೆಯದಲ್ಲಿ ಅವನನ್ನು ವಾದ್ಯಗಳನ್ನು ತಯಾರಿಸುತ್ತಿದ್ದ ದೊಡ್ಡಪ್ಪನ ಅಂಗಡಿಗೆ ಕೆಲಸ ಕಲಿಯಲು ಸೇರಿಸಿದರು. ಅಂಗಡಿಯ ವ್ಯವಹಾರದಲ್ಲಿ ಅವನಿಗೆ ಆಸಕ್ತಿ ಹುಟ್ಟಲಿಲ್ಲ. ಬಿಡುವು ದೊರೆತಾಗಲೆಲ್ಲ ಹಳೆಯ ಪುಸ್ತಕಗಳ ಅಂಗಡಿಯಲ್ಲಿರುತ್ತಿದ್ದನು. ಒಮ್ಮೆ ವೋಲ್ಟನ ವಿದ್ಯುತ್ ಸಂಶೋಧನೆಗಳನ್ನು ಕುರಿತ ಫ್ರೆಂಚ್ ಗ್ರಂಥವೊಂದು ಕಣ್ಣಿಗೆ ಬಿದ್ದಿತಂತೆ. ಕಾಸಿಗೆ ಕಾಸು ಕೂಡಿಸಿ ಅದನ್ನು ಕೊಂಡನು; ಓದಲು ನಿಘಂಟು ಬೇಕಾಗಿ ಮತ್ತೆ ಕಾಸು ಕೂಡಿಸಿದನು. ಅಣ್ಣತಮ್ಮಂದಿರಿಬ್ಬರೂ ಪುಸ್ತಕದಲ್ಲಿದ್ದಂತೆ ಬ್ಯಾಟರಿ ಕಟ್ಟಲು ಕುಳಿತಾಗ ತಾಮ್ರದ ಬಿಲ್ಲೆಗಳಿಗೆ ಹಣ ಉಳಿದಿರಲಿಲ್ಲ. ಆಗ ಕೈಯಲ್ಲಿದ್ದ ತಾಮ್ರದ ನಾಣ್ಯಗಳನ್ನೇ ಬಿಲ್ಲೆಗಳನ್ನಾಗಿ ಮಾಡಿಕೊಂಡರೆಂದು ಕಥೆ ಹೇಳುತ್ತಾರೆ. ಕೊಳ್ಳಲು ಸಾಲದ ಕಾಸು ಕಟ್ಟಲು ಸಾಕಾಯಿತು!

ಅವನ ಮೊದಲ ಅಭ್ಯಾಸ ವಿದ್ಯುತ್ತಲ್ಲ, ನಾದ. ೧೮೨೧ರಲ್ಲಿ ಲಂಡನ್ನಿನಲ್ಲಿ ಅವನೊಂದು ಸೋಜಿಗವನ್ನು ಏರ್ಪಡಿಸಿದನು. ಮಾಡಿನಿಂದ ತೂಗುಬಿಟ್ಟ ಒಂದು ವೀಣೆ ಯಾರೂ ಮುಟ್ಟದೆ ತಾನೇ ತಾನಾಗಿ ನುಡಿಯುತ್ತಿದ್ದಿತು. ಮೇಲಿನ ಕೊಠಡಿಯಲ್ಲಿ ಬಾರಿಸುತ್ತಿದ್ದ ವಾದ್ಯದ ಕಂಪನಗಳು ತೂಗುತಂತಿಯ ಮೂಲಕ ಇಳಿದುಬರುತ್ತಿದ್ದುದೇ ಅದರ ಗುಟ್ಟು. ನೋಡಬಂದವರಿಗೆ ಅದು ಇಂದ್ರಜಾಲ. ಅವನಿಗೆ ಮಾತ್ರ ಅದೊಂದು ಪ್ರಶ್ನೆ. ತಂತಿಯಲ್ಲಿ ನಾದ ಹೀಗೆ ಹರಿದುಬರುವುದಾದರೆ ಒಂದೂರಿನ ಸುದ್ದಿಯೂ ಮತ್ತೊಂದೂರಿಗೆ ತಂತಿಯ ಮೇಲೆ ಹೋಗಬಾರದೇಕೆ? ಈ ಪ್ರಶ್ನೆ ಮುಂದೆ ಅವನ ಜೀವನವನ್ನೇ ತಿರುಗಿಸಿತು. ೧೮೨೩ರಲ್ಲಿ ದೊಡ್ಡಪ್ಪ ತೀರಿಕೊಂಡ ಬಳಿಕ ಅಂಗಡಿಯ ಭಾರ ಅಣ್ಣತಮ್ಮಂದಿರ ಮೇಲೆ ಬಿದ್ದಿತು. ಕಾನ್ಸರ್ಟಿನಾ ಎಂಬ ಕೈವಾದ್ಯವನ್ನು ನಿರ್ಮಿಸಿದವನೂ ಈತನೇ.

ಕಾಲೇಜಿನ ಪದವಿಯೊಂದೂ ಇಲ್ಲದ ಈ ವಾದ್ಯಕಾರನನ್ನು ೧೮೩೪ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಪ್ರಯೋಗ ಭೌತಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ನೇಮಿಸಿತು. ಅದೇ ವರ್ಷ ಅವನು ಅರ್ಧ ಮೈಲಿ ಉದ್ದದ ತಂತಿಯನ್ನು ಬಳಸಿ ವಿದ್ಯುತ್ತಿನ ವೇಗವನ್ನು ಅಳೆಯಲು ಹೊರಟನು. ತಂತಿಯಲ್ಲಿ ಮೂರೆಡೆ ಬಿರುಕು ಬಿಟ್ಟು, ಅಲ್ಲಿ ಹಾರುವ ಕಿಡಿಗಳನ್ನು ರಭಸದಿಂದ ತಿರುಗುವ ಕನ್ನಡಿಯಲ್ಲಿ ನೋಡಿದನು. ನಡುವಿನ ಕಿಡಿ ಉಳಿದೆರಡಕ್ಕಿಂತ ಕೊಂಚ ತಡವಾಗಿ ಕಂಡಿತು. ಆ ಕೊಂಚವೇ ಅವನ ಅಳತೆ. ಅವನಿಗೆ ಬಂದ ಲೆಕ್ಕ ಬೆಳಕಿನ ವೇಗವನ್ನೂ ಮೀರಿದ್ದು, ಅದು ಸರಿಯಾದುದಲ್ಲವೆಂದು ಮುಂದೆ ತಿಳಿದುಬಂದಿತು. ಆದರೆ ತಿರುಗುವ ಕನ್ನಡಿಯ ಉಪಾಯ ಉಳಿಯಿತು. ಫ್ರಾನ್ಸಿನ ಫೂಕೋ ಬೆಳಕಿನ ವೇಗವನ್ನು ಅಳೆಯಲು ಅದನ್ನೇ ಬಳಸಿದನು. ಅತ್ಯಲ್ಪವಾದ ವ್ಯತ್ಯಾಸವನ್ನು ಕಣ್ಣಿಗೆ ಕಾಣುವಂತೆ ಮಾಡುವುದರಲ್ಲಿ ವೀಟ್‌ಸ್ಟನ್ನನಿಗೆ ಸಮಾನರು ವಿರಳ. ಪಾಠ ಹೇಳುವುದರಲ್ಲಿ ಮಾತ್ರ ಅವನು ಸೋತನು. ಪ್ರಯೋಗಶಾಲೆಯಲ್ಲಿ ಗೆಳೆಯರೊಡನೆ ಗಂಟೆಗಟ್ಟಲೆ ಮಾತಾಡಬಲ್ಲವನು ವೇದಿಕೆಯ ಮೇಲೆ ತಡವರಿಸುತ್ತಿದ್ದನು. ಅವನ ಸಂಶೋಧನೆಗಳಲ್ಲಿ ಹಲವನ್ನು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭೆಗಳಲ್ಲಿ ಜನರಿಗೆ ವಿವರಿಸಿದವನು ಅವನ ಮಿತ್ರ ಮೈಕೆಲ್ ಫ್ಯಾರಡೆ.

ಈಗ ರೈಲಿನ ವಿಷಯಕ್ಕೆ ಬರೋಣ. ಆ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ಉಗಿಬಂಡಿಯ ಹಾದಿಗಳು ಹೊಸದಾಗಿ ಹರಡುತ್ತಿದ್ದವು. ಕುದುರೆಗಿಂತ ವೇಗವಾಗಿ ಓಡುವ ಬಂಡಿ ಬಂದಿತೇ ಹೊರತು, ಆ ಬಂಡಿಗಿಂತ ವೇಗವಾಗಿ ಹೋಗಿ ಮುಂದಿನ ನಿಲ್ದಾಣಕ್ಕೆ ಎಚ್ಚರಿಕೆ ಕೊಡುವ ದೂತ ಇರಲಿಲ್ಲ. ವಿಲಿಯಂ ಕುಕ್ ಎಂಬ ನಿವೃತ್ತ ಸೈನ್ಯಾಧಿಕಾರಿ ವಿದ್ಯುತ್ ತಂತಿಯಿಂದ ಈ ಕೊರತೆಯನ್ನು ತುಂಬಲು ಹವಣಿಸುತ್ತಿದ್ದನು. ಅವನಿಗೆ ವ್ಯವಹಾರ ಗೊತ್ತು, ಶಾಸ್ತ್ರ ಸಾಲದು. ವೀಟ್‌ಸ್ಟನ್ನನಿಗೆ ಶಾಸ್ತ್ರ ಗೊತ್ತು, ವ್ಯವಹಾರ ಸಾಲದು. ೧೮೩೭ರಲ್ಲಿ ಇಬ್ಬರೂ ಪಾಲುದಾರರಾಗಿ ಐದು ಸೂಜಿಗಳ ಟೆಲಿಗ್ರಾಫಿಗೆ ಹಕ್ಕುಪತ್ರ ಪಡೆದರು. ಆ ವರ್ಷದ ಜುಲೈ ೨೫ರಂದು ಲಂಡನ್ನಿನ ಯೂಸ್ಟನ್ ನಿಲ್ದಾಣಕ್ಕೂ ಕ್ಯಾಮ್ಡನ್ ಟೌನಿಗೂ ನಡುವೆ ಹಳಿಯ ಮಗ್ಗುಲಲ್ಲಿ ಎಳೆದ ತಂತಿಯ ಮೇಲೆ ಮೊದಲ ಸುದ್ದಿಗಳು ಓಡಿದವು. ಆ ರೈಲು ಕಂಪೆನಿ ಅದನ್ನು ಮುಂದುವರಿಸಲಿಲ್ಲ. ಬೇರೊಂದು ಕಂಪೆನಿ ಮನಸ್ಸು ಮಾಡಿತು; ೧೮೩೯ರ ಹೊತ್ತಿಗೆ ಪ್ಯಾಡಿಂಗ್‌ಟನ್ನಿನಿಂದ ವೆಸ್ಟ್ ಡ್ರೇಟನ್ನಿನವರೆಗೆ ೧೩ ಮೈಲಿ ತಂತಿ ಸಿದ್ಧವಾಯಿತು. ಮುಂದೆ ಅದು ಸ್ಲೌ ಎಂಬ ಊರನ್ನು ಮುಟ್ಟಿತು.

ಜನ ಅದನ್ನು ಮೊದಮೊದಲು ಆಟದ ಸಾಮಾನಿನಂತೆ ನೋಡುತ್ತಿದ್ದರು. ೧೮೪೫ರ ಜನವರಿ ಒಂದರಂದು ಟಾವೆಲ್ ಎಂಬವನು ಸ್ಲೌ ಬಳಿ ಒಬ್ಬ ಹೆಂಗಸಿಗೆ ವಿಷವಿಟ್ಟು ಕೊಂದು ಲಂಡನ್ನಿನ ರೈಲು ಹತ್ತಿದನು. ಅವನು ಕ್ವೇಕರ್ ಪಂಥದವರಂತೆ ಉಡುಪು ತೊಟ್ಟಿದ್ದನೆಂಬ ಸುದ್ದಿ ತಂತಿಯ ಮೇಲೆ ಹೊರಟಿತು. ಆ ಯಂತ್ರದ ಅಕ್ಷರಮಾಲೆಯಲ್ಲಿ ಆ ಪದದ ಮೊದಲಕ್ಷರವೇ ಇರಲಿಲ್ಲ. ಬೇರೆ ಅಕ್ಷರಗಳಿಂದ ಹೇಗೋ ಹೊಂದಿಸಿ ಕಳುಹಿಸಿದರು. ರೈಲು ಪ್ಯಾಡಿಂಗ್‌ಟನ್ ಸೇರುವ ಮುನ್ನವೇ ಸುದ್ದಿ ಸೇರಿದ್ದಿತು. ಅಪರಾಧಿ ಸಿಕ್ಕಿಬಿದ್ದು ಗಲ್ಲಿಗೇರಿದನು. ಅಂದಿನಿಂದ ಟೆಲಿಗ್ರಾಫಿನ ಮಹಿಮೆಯನ್ನು ಯಾರೂ ಸಂಶಯಿಸಲಿಲ್ಲ.

ಆದರೆ ಕೀರ್ತಿ ಬರುವ ಮೊದಲೇ ಅದರ ಹಂಚಿಕೆಯ ಜಗಳ ಬಂದಿದ್ದಿತು. ಟೆಲಿಗ್ರಾಫನ್ನು ಕಂಡುಹಿಡಿದವನು ತಾನೆಂದು ಕುಕ್, ತಾನೆಂದು ವೀಟ್‌ಸ್ಟನ್. ಮಾತಾಡಲಾರದ ಮನುಷ್ಯ ಈ ವಿಷಯದಲ್ಲಿ ಮಾತ್ರ ಹಟ ಹಿಡಿದನು. ಕೊನೆಗೆ ಇಂಜಿನಿಯರ್ ಮಾರ್ಕ್ ಬ್ರೂನೆಲ್ ಮತ್ತು ಪ್ರೊಫೆಸರ್ ಡೇನಿಯಲ್ ಇವರನ್ನು ಪಂಚರನ್ನಾಗಿ ಕೂರಿಸಿದರು. ೧೮೪೧ರಲ್ಲಿ ಅವರು ಕೊಟ್ಟ ತೀರ್ಪು ನಮ್ಮೂರ ಪಂಚಾಯಿತಿಯ ಹಿರಿಯರ ತೀರ್ಪಿನಂತೆಯೇ ಇದ್ದಿತು. ಅದನ್ನು ಲೋಕೋಪಯೋಗಿಯಾಗಿ ನಡೆಸಿದ ಶ್ರೇಯಸ್ಸು ಕುಕ್‌ನಿಗೆ. ಅದು ಸಾಧ್ಯವೆಂದು ಸಂಶೋಧನೆಯಿಂದ ತೋರಿಸಿದ ಶ್ರೇಯಸ್ಸು ವೀಟ್‌ಸ್ಟನ್ನನಿಗೆ. ಇಬ್ಬರೂ ಕೂಡಿದ್ದರಿಂದಲೇ ಕೆಲಸ ಬೇಗನೆ ಕೈಗೂಡಿತು. ಇಬ್ಬರೂ ಸಹಿ ಹಾಕಿದರು. ಮನಸ್ಸುಗಳು ಮಾತ್ರ ಕೂಡಲಿಲ್ಲ. ವರ್ಷಗಳಾದ ಮೇಲೂ ಅದೇ ವಾದ ಮತ್ತೆ ಹೊತ್ತಿಕೊಂಡಿತು. ವೀಟ್‌ಸ್ಟನ್ನನ ಚರಿತ್ರೆಯನ್ನು ಬರೆಯುವವರು ಈ ಭಾಗವನ್ನು ಮುಚ್ಚಿಡುವುದು ನ್ಯಾಯವಲ್ಲ.

ಏಕೆಂದರೆ ಇದೇ ಮನುಷ್ಯನ ಇನ್ನೊಂದು ಮುಖ ಎರಡೇ ವರ್ಷಗಳಲ್ಲಿ ನಮಗೆ ಕಾಣುತ್ತದೆ. ೧೮೪೩ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿ ಅವನು ತಂತಿಗಳು ವಿದ್ಯುತ್ತಿಗೆ ಒಡ್ಡುವ ರೋಧವನ್ನು ಅಳೆಯುವ ಹಲವು ಸಾಧನಗಳನ್ನು ವರ್ಣಿಸಿದನು. ಅವುಗಳಲ್ಲಿ ಒಂದೇ ಇಂದಿನ ಸೇತುವೆ. ಅದರ ತತ್ತ್ವವನ್ನು ತನಗಿಂತ ಮೊದಲು, ೧೮೩೩ರಲ್ಲಿ, ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ಎಂಬ ಗಣಿತಾಧ್ಯಾಪಕನು ಕಂಡಿದ್ದನೆಂದು ಅವನು ಆ ಪ್ರಬಂಧದಲ್ಲಿಯೇ ಸ್ಪಷ್ಟವಾಗಿ ತಿಳಿಸಿದನು. ಕ್ರಿಸ್ಟಿಯ ಬರಹವನ್ನು ಯಾರೂ ಗಮನಿಸಿರಲಿಲ್ಲ. ವೀಟ್‌ಸ್ಟನ್ ಸುಮ್ಮನಿದ್ದಿದ್ದರೆ ಕೇಳುವವರೂ ಇರಲಿಲ್ಲ. ಆದರೂ ಅವನು ಸುಮ್ಮನಿರಲಿಲ್ಲ. ಲೋಕ ಅವನ ಆ ಮಾತನ್ನು ಓದಿಯೂ ಓದದಂತೆ, ಉಪಕರಣಕ್ಕೆ ಅವನ ಹೆಸರನ್ನೇ ಅಂಟಿಸಿತು.

ಸೇತುವೆಯ ತತ್ತ್ವವನ್ನು ನಮ್ಮ ಗದ್ದೆ ತೋಟಗಳ ಭಾಷೆಯಲ್ಲಿಯೇ ಹೇಳಬಹುದು. ಕೆರೆಯ ತೂಬಿನಿಂದ ಹೊರಟ ನೀರು ಎರಡು ಕಾಲುವೆಗಳಾಗಿ ಕವಲೊಡೆದು ಕೆಳಗೆ ಮತ್ತೆ ಒಂದಾಗುತ್ತದೆ ಎಂದುಕೊಳ್ಳೋಣ. ಎರಡು ಕಾಲುವೆಗಳ ನಡುಮಧ್ಯವನ್ನು ಒಂದು ಅಡ್ಡಗಾಲುವೆ ಕೂಡಿಸುತ್ತದೆ. ಎರಡೂ ಕಡೆ ನೀರಿನ ಮಟ್ಟ ಸಮವಾಗಿದ್ದರೆ ಅಡ್ಡಗಾಲುವೆಯ ನೀರು ನಿಶ್ಚಲವಾಗಿರುತ್ತದೆ. ಅದರ ಮೇಲೆ ಬಿದ್ದ ಎಲೆಯೂ ಕದಲದು. ಒಂದು ಕಾಲುವೆಗೆ ಒಂದು ಹಿಡಿ ಮಣ್ಣು ಹಾಕಿದರೆ ಸಾಕು, ಎಲೆ ತೇಲತೊಡಗುತ್ತದೆ. ಕಾಲುವೆಗಳ ಸ್ಥಾನದಲ್ಲಿ ತಂತಿಗಳನ್ನೂ ನೀರಿನ ಸ್ಥಾನದಲ್ಲಿ ವಿದ್ಯುತ್ತನ್ನೂ ಎಲೆಯ ಸ್ಥಾನದಲ್ಲಿ ಗ್ಯಾಲ್ವನೋಮೀಟರಿನ ಮುಳ್ಳನ್ನೂ ಇಟ್ಟರೆ ಅದೇ ಸೇತುವೆ. ದೊಡ್ಡದನ್ನು ನೇರವಾಗಿ ಅಳೆಯದೆ, ಸಮತೂಕವನ್ನು ಏರ್ಪಡಿಸಿಕೊಂಡು ಅದು ಎಷ್ಟು ಕೆಟ್ಟಿತೆಂದು ನೋಡುವುದೇ ಇದರ ಜಾಣ್ಮೆ.

ವೀಟ್‌ಸ್ಟನ್ನನ ಇತರ ಕೃತಿಗಳು ಒಂದೆರಡಲ್ಲ. ಎರಡು ಕಣ್ಣುಗಳು ಕಾಣುವ ಎರಡು ಚಿತ್ರಗಳು ಕೂಡಿದಾಗಲೇ ವಸ್ತುವಿನ ಆಳ ನಮಗೆ ತೋರುತ್ತದೆಯೆಂದು ೧೮೩೮ರಲ್ಲಿ ಸ್ಟೀರಿಯೋಸ್ಕೋಪ್ ಎಂಬ ಯಂತ್ರದಿಂದ ಸಿದ್ಧಪಡಿಸಿದನು. ೧೮೫೪ರಲ್ಲಿ ಗುಟ್ಟಿನ ಸಂದೇಶಗಳಿಗಾಗಿ ಒಂದು ಸಂಕೇತಲಿಪಿಯನ್ನು ಕಲ್ಪಿಸಿದನು. ಅವನ ಮಿತ್ರ ಲಯನ್ ಪ್ಲೇಫೇರ್ ಅದರ ಗುಣವನ್ನು ಅಧಿಕಾರಿಗಳ ಮುಂದೆ ಹೊಗಳುತ್ತ ತಿರುಗಿದುದರಿಂದ ಅದು ಪ್ಲೇಫೇರ್ ಸಂಕೇತವೆಂದೇ ಪ್ರಸಿದ್ಧವಾಯಿತು. ಕ್ರಿಸ್ಟಿಯಿಂದ ತನಗೆ ಬಂದುದು ಹೀಗೆ ತನ್ನಿಂದ ಪ್ಲೇಫೇರನಿಗೆ ಸಂದಿತು! ೧೮೬೮ರಲ್ಲಿ ಸರ್ ಪದವಿ ದೊರೆಯಿತು. ಹೆಂಡತಿ ಅವನಿಗಿಂತ ಮೊದಲೇ ತೀರಿಕೊಂಡಿದ್ದಳು. ೧೮೭೫ರಲ್ಲಿ ಪ್ಯಾರಿಸಿಗೆ ಹೋಗಿದ್ದಾಗ ಶೀತದಿಂದ ಶ್ವಾಸಕೋಶಗಳು ಕೆಟ್ಟು, ಅಕ್ಟೋಬರ್ ೧೯ರಂದು ಕಾಲವಾದನು. ಅವನ ದೇಹವನ್ನು ಲಂಡನ್ನಿನ ಕೆನ್ಸಲ್ ಗ್ರೀನ್ ಶ್ಮಶಾನದಲ್ಲಿ ಮಣ್ಣುಮಾಡಿದರು.

ಮನುಷ್ಯ ಸತ್ತರೂ ಸೇತುವೆ ಬೆಳೆಯಿತು. ಅವನು ಬದುಕಿದ್ದಾಗಲೇ, ೧೮೫೬ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಲೋಹದ ತಂತಿಯನ್ನು ಜಗ್ಗಿದರೆ ಅದರ ವಿದ್ಯುದ್ರೋಧ ಬದಲಾಗುತ್ತದೆಂದು ಈ ಸೇತುವೆಯ ನೆರವಿನಿಂದಲೇ ಕಂಡುಕೊಂಡಿದ್ದನು. ಎಂಬತ್ತೆರಡು ವರ್ಷಗಳ ಮೇಲೆ, ೧೯೩೮ರಲ್ಲಿ, ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬಿಬ್ಬರು ಒಬ್ಬರನ್ನೊಬ್ಬರು ಅರಿಯದೆಯೇ ಅದನ್ನು ಉಪಯೋಗಕ್ಕೆ ತಂದರು. ಕೂದಲೆಳೆಯಂತಹ ತಂತಿಯನ್ನು ಉಕ್ಕಿನ ಮೈಗೆ ಅಂಟಿಸಿದರೆ, ಉಕ್ಕು ಹಿಗ್ಗಿದಾಗ ತಂತಿಯೂ ಹಿಗ್ಗುತ್ತದೆ, ಕುಗ್ಗಿದಾಗ ಕುಗ್ಗುತ್ತದೆ. ಅದರ ರೋಧವನ್ನು ನೋಡಿ ಉಕ್ಕಿನ ಶ್ರಮವನ್ನು ತಿಳಿಯಬಹುದು. ಇದೇ ಸ್ಟ್ರೇನ್ ಗೇಜ್. ಆದರೆ ಆ ಬದಲಾವಣೆ ಎಷ್ಟು ಸೂಕ್ಷ್ಮ! ಒಂದು ಮೀಟರ್ ಉಕ್ಕು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಹಿಗ್ಗಿದರೆ, ೧೨೦ ಓಮ್ ರೋಧದ ಗೇಜಿನಲ್ಲಿ ಬದಲಾಗುವುದು ಸುಮಾರು ೦.೦೨೪ ಓಮ್ ಮಾತ್ರ. ಎಂದರೆ ಐದು ಸಾವಿರದಲ್ಲಿ ಒಂದು ಪಾಲು. ವೀಟ್‌ಸ್ಟನ್ ಸೇತುವೆಯಿಲ್ಲದೆ ಇದನ್ನು ಹಿಡಿಯುವುದು ಕಷ್ಟ.

ರೈಲು ಹಳಿಯ ಮೇಲೆ ಇದನ್ನು ಬಳಸುವ ಬಗೆ ಹೀಗಿದೆ. ಎರಡು ಸ್ಲೀಪರುಗಳ ನಡುವಣ ಹಳಿಯ ಪಕ್ಕದ ಗೋಡೆಯಲ್ಲಿ, ಗೇಣಿನಷ್ಟು ಅಂತರದ ಎರಡು ಕಡೆ, ಗೇಜುಗಳನ್ನು ೪೫ ಡಿಗ್ರಿ ಓರೆಯಾಗಿ ಅಂಟಿಸುತ್ತಾರೆ. ಗಾಲಿ ಆ ಎರಡು ಸ್ಥಳಗಳ ನಡುವೆ ಬಂದಾಗ ಉಕ್ಕು ಓರೆಯಾಗಿ ಒತ್ತಲ್ಪಟ್ಟು ಒಂದು ಓರೆ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಇವನ್ನೆಲ್ಲ ಸೇತುವೆಯ ನಾಲ್ಕು ಭುಜಗಳಾಗಿ ಜೋಡಿಸಿದರೆ ಹಳಿ ಬಾಗುವುದರ ಪ್ರಭಾವ ಒಂದನ್ನೊಂದು ಅಳಿಸಿಹೋಗಿ ಗಾಲಿಯ ಭಾರವೊಂದೇ ಉಳಿಯುತ್ತದೆ. ಬಿಸಿಲಿಗೆ ನಾಲ್ಕು ಭುಜಗಳೂ ಒಂದೇ ಸಮನೆ ಕಾಯುವುದರಿಂದ ತಾಪವೂ ಲೆಕ್ಕವನ್ನು ಕೆಡಿಸದು. ಮೊದಲು ಗೊತ್ತಾದ ಭಾರವನ್ನು ಹಳಿಯ ಮೇಲೆ ಹೇರಿ ಮಾಪಕವನ್ನು ತಿದ್ದಿಕೊಂಡರೆ, ಆಮೇಲೆ ಬರುವ ರೈಲು ನಿಲ್ಲಬೇಕಾಗಿಲ್ಲ, ತೂಕ ತಾನಾಗಿಯೇ ಸಿಗುತ್ತದೆ.

ಇದು ಬರಿಯ ಕುತೂಹಲದ ಸಂಗತಿಯಲ್ಲ, ಪ್ರಾಣದ ಸಂಗತಿ. ಬ್ರೇಕು ಬಿಗಿದು ಗಾಲಿ ತಿರುಗದೆ ಜಾರಿದರೆ ಅದರ ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ. ಒಂದು ಮೀಟರ್ ವ್ಯಾಸದ ಗಾಲಿ ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಓಡಿದರೆ ಸೆಕೆಂಡಿಗೆ ಐದು ಸಲಕ್ಕೂ ಮಿಕ್ಕಿ ಸುತ್ತುತ್ತದೆ. ಅಷ್ಟು ಸಲವೂ ಆ ಚಪ್ಪಟೆ ಹಳಿಗೆ ಸುತ್ತಿಗೆಯಂತೆ ಬಡಿಯುತ್ತದೆ. ನಿಂತಾಗ ೧೦ ಟನ್ ಭಾರ ಹೊರಿಸುವ ಗಾಲಿ ಆ ಹೊಡೆತದಲ್ಲಿ ಅದರ ಎರಡರಷ್ಟನ್ನೂ ಮೀರಿ ಹೊರಿಸಬಹುದು. ಹಳಿಯಲ್ಲಿ ಕೂದಲೆಳೆಯ ಬಿರುಕಿದ್ದರೆ ಅದು ದೊಡ್ಡದಾಗುತ್ತದೆ. ಗಾಲಿಯ ಸುತ್ತಳತೆ ಮೂರು ಮೀಟರಿಗೂ ಹೆಚ್ಚಾದುದರಿಂದಲೂ ಸ್ಲೀಪರುಗಳ ಅಂತರ ಸುಮಾರು ೬೦ ಸೆಂಟಿಮೀಟರಾದುದರಿಂದಲೂ, ಆ ಚಪ್ಪಟೆ ತಪ್ಪಿಸಿಕೊಳ್ಳದಂತೆ ಸಾಲಾಗಿ ಐದಾರು ಅಂತರಗಳಲ್ಲಾದರೂ ಗೇಜುಗಳನ್ನು ಕೂರಿಸಬೇಕು. ನಮ್ಮ ದೇಶದಲ್ಲಿ ಕಾನ್ಪುರದ ಐ.ಐ.ಟಿ.ಯೂ ಲಖನೌದಲ್ಲಿರುವ ರೈಲ್ವೆಯ ಸಂಶೋಧನಾ ಸಂಸ್ಥೆಯೂ ಕೂಡಿ ಇಂತಹ ವ್ಯವಸ್ಥೆಯನ್ನು ರೂಪಿಸಿವೆ. ಹಿಂದೆ ಗಾಲಿಯನ್ನು ಸುತ್ತಿಗೆಯಿಂದ ತಟ್ಟಿ ನಾದವನ್ನು ಕೇಳಿ ದೋಷ ಹುಡುಕುತ್ತಿದ್ದ ಕೆಲಸಗಾರನ ಕಿವಿಗೆ ಈಗ ಈ ಸೇತುವೆ ಜೊತೆಯಾಗಿದೆ.

ನಮ್ಮ ಜಿಲ್ಲೆಯಲ್ಲಿ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಿಂದ ದುರ್ಗಕ್ಕೆ ಹಳಿ ಕವಲೊಡೆಯುತ್ತದೆ. ದಾವಣಗೆರೆಯಿಂದ ಚಿತ್ರದುರ್ಗದ ಮೇಲೆ ತುಮಕೂರಿಗೆ ಮಂಜೂರಾಗಿರುವ ಹೊಸ ಮಾರ್ಗ ನಮ್ಮ ಭರಮಸಾಗರವನ್ನೂ ಮುಟ್ಟುವಂತೆ ಯೋಜಿತವಾಗಿದೆ. ಆ ಹಳಿಯ ಮೇಲೆ ಓಡುವ ರೈಲಿಗೆ ವೀಟ್‌ಸ್ಟನ್ನನ ಋಣ ಎರಡು ಬಗೆಯದು. ರೈಲಿಗಿಂತ ಮುಂದಾಗಿ ಸುದ್ದಿ ಒಯ್ಯುವ ತಂತಿಗಾಗಿ ಅವನು ಜಗಳವಾಡಿದನು. ರೈಲಿನ ಗಾಲಿಯನ್ನು ತೂಗುವ ಸೇತುವೆಗಾಗಿ ಜಗಳವಾಡಲಿಲ್ಲ, ಇದು ನನ್ನದಲ್ಲವೆಂದನು. ತನ್ನದೆಂದು ಹೋರಾಡಿದ ಸೂಜಿಯ ಟೆಲಿಗ್ರಾಫ್ ಇಂದು ವಸ್ತುಸಂಗ್ರಹಾಲಯದಲ್ಲಿದೆ. ಮತ್ತೊಬ್ಬನದೆಂದು ಒಪ್ಪಿದ ಸೇತುವೆ ಅವನ ಹೆಸರಿನಲ್ಲಿಯೇ ಹಗಲಿರುಳೂ ದುಡಿಯುತ್ತಿದೆ. ಸಹಪಾಠಿ ಮಿತ್ರರು ಪ್ರಯೋಗಶಾಲೆಯಲ್ಲಿ ಆ ಹೆಸರನ್ನು ಕೇಳಿದಾಗ ಕ್ರಿಸ್ಟಿಯನ್ನೂ ನೆನೆದರೆ, ೧೮೪೩ರಲ್ಲಿ ವೀಟ್‌ಸ್ಟನ್ ಬರೆದಿಟ್ಟ ಆ ಪ್ರಾಮಾಣಿಕ ಮಾತು ಸಾರ್ಥಕವಾದೀತು.